ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದು ನಮ್ಮ ಟೆರೇಸ್ ಮೇಲೆ ಬಿದ್ದಿದೆ. ಏನು ಮಾಡಬೇಕು?

ಮೊದಲು ದಾರ ಎಳೆಯಬೇಡಿ. ಗಾಜಿನ ಪುಡಿ ಹಚ್ಚಿದ ದಾರ ಎಳೆದಷ್ಟೂ ಚರ್ಮ, ಸ್ನಾಯು ಕುಯ್ಯುತ್ತಾ ಹೋಗುತ್ತದೆ; ಆಮೇಲೆ ಗಾಯ ವಾಸಿಯಾದರೂ ಹಕ್ಕಿ ಹಾರಲಾರದೆ ಹೋಗಬಹುದು. ಗಾಯದಿಂದ ಅರ್ಧ ಅಡಿ ಬಿಟ್ಟು ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ವೈದ್ಯರು ಬಿಡಿಸುತ್ತಾರೆ.

ಹದ್ದು ಕೊಕ್ಕಿಗಿಂತ ಉಗುರಿನಿಂದಲೇ ಹೆಚ್ಚು ಗಾಯ ಮಾಡುತ್ತದೆ. ಹಿಂದಿನಿಂದ ಹೋಗಿ ದಪ್ಪ ಟವೆಲ್ಲನ್ನು ತಲೆ ಸೇರಿಸಿ ಹೊದಿಸಿ. ಕಣ್ಣಿಗೆ ಕತ್ತಲಾದರೆ ಒದ್ದಾಟ ಕಡಿಮೆಯಾಗುತ್ತದೆ. ರೆಕ್ಕೆಗಳನ್ನು ಮೈಗೆ ಮಡಚಿ ಎತ್ತಿ, ಬೆರಳು ಗಾತ್ರದ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ತಳಕ್ಕೆ ಹಳೆಯ ಬಟ್ಟೆ ಹಾಸಿ ಇಡಿ. ತಂತಿಯ ಪಂಜರ ಬೇಡ, ಗರಿ ಮುರಿಯುತ್ತದೆ.

ನೀರು ಕುಡಿಸಲೇಬೇಡಿ! ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಲು, ಅನ್ನ, ಅರಿಶಿನ ಯಾವುದೂ ಬೇಡ.

ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಬೆಂಗಳೂರಿನ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಕರೆ ಮಾಡಿ. ಮನೆಯಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಗಾಯಗೊಂಡದ್ದು ಹಾವು, ಕೋತಿಯಾದರೆ ಕರೆ ಮಾಡಿ, ಅವರು ಬರುವವರೆಗೆ ಮುಟ್ಟದೆ ದೂರದಿಂದ ಕಾದು ನಿಂತು, ನಾಯಿಗಳನ್ನು ಓಡಿಸಿದರೆ ಸಾಕು.