ಏಸಿ ಹೊರಗಿನ ಯೂನಿಟ್‌ನ ಡಿಸ್ಕನೆಕ್ಟ್ ಸ್ವಿಚ್ ಇನ್ಸ್‌ಪೆಕ್ಷನ್‌ನಲ್ಲಿ ಫೇಲ್ ಆಗಿದ್ದೇಕೆ?

ಯೂನಿಟ್‌ಗೆ ಬರುವ ಕರೆಂಟ್ ಕಡಿಯುವ ಈ ಸ್ವಿಚ್‌ನ ಬಾಕ್ಸ್ ಯೂನಿಟ್‌ನ ಹಿಂದಿನ ಗೋಡೆಯಲ್ಲಿದೆ, ಬಗ್ಗಿ ಕೈ ಚಾಚಬೇಕು ಅಂದಿದ್ದೀರಿ. ಫೇಲ್ ಆಗಿದ್ದು ಬಹುಶಃ ಅದಕ್ಕೇ. ಅಮೆರಿಕದ ವಿದ್ಯುತ್ ನಿಯಮಾವಳಿ ಎನ್‌ಇಸಿಯ ಸೆಕ್ಷನ್ 440.14ರ ಪ್ರಕಾರ ಯೂನಿಟ್ ಹತ್ತಿರ ನಿಂತರೆ ಸ್ವಿಚ್ ಕಣ್ಣಿಗೆ ಕಾಣಬೇಕು, 50 ಅಡಿ ಒಳಗಿರಬೇಕು. ಜೊತೆಗೆ ಏನನ್ನೂ ಹತ್ತದೆ, ಸರಿಸದೆ ಕೈಗೆ ಸಿಗಬೇಕು. ನಿಮ್ಮದು ಕಾಣುತ್ತದೆ, ಸುಲಭವಾಗಿ ಸಿಗುವುದಿಲ್ಲ ಅಲ್ವಾ?

ಮೊದಲು ರಿಪೋರ್ಟ್‌ನಲ್ಲಿ ಬರೆದಿರುವ ಸೆಕ್ಷನ್ ನಂಬರ್ ನೋಡಿ. 110.26 ಅಂತಿದ್ದರೆ ತಕರಾರು ಸ್ವಿಚ್ ಮುಂದಿನ ಜಾಗದ್ದು: ಸಾಮಾನ್ಯವಾಗಿ 3 ಅಡಿ ಆಳ, 30 ಇಂಚು ಅಗಲ ಖಾಲಿ ಬೇಕು. ಎರಡಕ್ಕೂ ಪರಿಹಾರ ಒಂದೇ, ಬಾಕ್ಸನ್ನು ಯೂನಿಟ್‌ನ ಪಕ್ಕಕ್ಕೆ ಸರಿಸುವುದು. ಯೂನಿಟ್ ಮೇಲೇ ಕೂರಿಸಬಹುದು, ಆದರೆ ಬಿಚ್ಚುವ ಪ್ಯಾನೆಲ್ ಮೇಲೆ ಬೇಡ, ನೇಮ್‌ಪ್ಲೇಟ್ ಮುಚ್ಚಬಾರದು. ಊರಿಂದ ಊರಿಗೆ ನಿಯಮ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಹೊಸ ಜಾಗವನ್ನು ಇನ್ಸ್‌ಪೆಕ್ಟರ್‌ಗೆ ಮೊದಲೇ ಹೇಳಿ, ಒಪ್ಪಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ.

ನೀವೇ ಮುಚ್ಚಳ ತೆಗೆಯಲು ಹೋಗಬೇಡಿ, ದಯವಿಟ್ಟು. ಪುಲ್‌ಔಟ್ (ಕರೆಂಟ್ ಕಡಿಯಲು ಹೊರಗೆಳೆಯುವ ಹಿಡಿ) ಎಳೆದಿಟ್ಟರೂ ಒಳಗಿನ ಲೈನ್ ಕಡೆಯ, ಅಂದರೆ ಮೇನ್ ಪ್ಯಾನೆಲ್‌ನಿಂದ ಕರೆಂಟ್ ಬರುವ ಕಡೆಯ, ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಪ್ಯಾನೆಲ್‌ನ ಬ್ರೇಕರ್ ಆಫ್ ಮಾಡಿ, ವೋಲ್ಟೇಜ್ ಮೀಟರ್ ಹಿಡಿದು ಕರೆಂಟ್ ಇಲ್ಲವೆಂದು ನೋಡಿದ ಮೇಲೆಯೇ ಕೆಲಸ ಶುರುವಾಗಲಿ.