ಹಳೆ ಜೀಪು ಎತ್ತರಿಸುವ ಮೊದಲು ಒಮ್ಮೆ ಅದರ ಅಡಿಗೆ ಹೋಗಿ ಮಲಗಿ

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕಾರವಾರದ ಕಡೆಯಿಂದ ತಂದ ಹಳೆ ಮಹೀಂದ್ರಾ ಜೀಪು, ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗು (ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು), 215/75 ಆರ್ 15 ಟೈರು. ಶಿರಸಿ ಹತ್ತಿರದ ನಿಮ್ಮ ತೋಟದ ದಾರಿಯಲ್ಲಿ ಹೊಟ್ಟೆ ತಾಗುತ್ತದೆ. 4 ಇಂಚು ಎತ್ತರಿಸಬೇಕು, ಕೈಯಲ್ಲಿ 20 ಸಾವಿರ ಇದೆ. ಇಷ್ಟೇ ಅಲ್ವಾ?

ನನ್ನದೂ ಅಂಥದ್ದೇ ಗಾಡಿ. ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಎಲ್ಲ ಅದರಲ್ಲೇ. ನಾನೂ 4 ಇಂಚು ಎಂದೇ ಹೊರಟಿದ್ದೆ. ಕೊನೆಗೆ ನಿಂತದ್ದು ಒಂದೂವರೆ ಇಂಚಿಗೆ. ತಾಗುವುದೂ ನಿಂತಿತು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಹೊಟ್ಟೆ ತಾಗುತ್ತದೆ ಅಂದಿರಿ. ಯಾವುದು ತಾಗುತ್ತದೆ? ಇದನ್ನು ತಿಳಿಯದೆ ಒಂದು ರೂಪಾಯಿಯೂ ಬಿಚ್ಚಬೇಡಿ. ನಾನು ಮಾಡಿದ್ದು ಹೀಗೆ. ಗೋಡೆಗೆ ಬಳಿಯುವ ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಹಳೆ ಬ್ರಶ್ಶಿನಲ್ಲಿ ಆಕ್ಸಲ್ (ಎಡ ಬಲ ಚಕ್ರ ಜೋಡಿಸುವ ಅಚ್ಚು) ನಡುವಿನ ಗೇರು ಡಬ್ಬಿಯಾದ ಡಿಫರೆನ್ಷಿಯಲ್ಲಿನ ತಳ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ಪ್ಲೇಟು, ಗೇರ್ ಬಾಕ್ಸಿನ ಅಡಿಯ ಅಡ್ಡಪಟ್ಟಿ, ಸೈಲೆನ್ಸರು, ಡೀಸೆಲ್ ಟ್ಯಾಂಕು ಎಲ್ಲಕ್ಕೂ ಬಳಿದೆ. ಒಣಗಿದ ಮೇಲೆ ತೋಟಕ್ಕೆ ಒಂದು ಸಲ ಹೋಗಿ ಬಂದೆ. ಆಮೇಲೆ ಗೋಣಿ ಹಾಸಿ ಅಡಿಗೆ ಮಲಗಿ ಟಾರ್ಚ್ ಬಿಟ್ಟರೆ ಎಲ್ಲಿ ಸುಣ್ಣ ಹೋಗಿದೆಯೋ ಅಲ್ಲೇ ಉತ್ತರ. ನನ್ನದರಲ್ಲಿ ಅಡ್ಡಪಟ್ಟಿಯ ಎಡಮೂಲೆಯಲ್ಲಿ ಸುಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು, ಡಿಫರೆನ್ಷಿಯಲ್ಲಿನ ಸುಣ್ಣ ಹಾಗೇ ಇತ್ತು.

ಇದು ಯಾಕೆ ಮುಖ್ಯ ಅಂದರೆ, ಸ್ಪ್ರಿಂಗ್ ಎತ್ತರಿಸಿದರೆ ಚಾಸಿ (ಗಾಡಿಯ ಅಡಿಯ ಚೌಕಟ್ಟು), ಬಾಡಿ ಏರುತ್ತವೆ. ಆಕ್ಸಲ್ ಏರುವುದಿಲ್ಲ. ಡಿಫರೆನ್ಷಿಯಲ್ಲು, ಯು ಬೋಲ್ಟಿನ ತುದಿ ಎಲ್ಲ ಆಕ್ಸಲ್ ಜೊತೆಗೇ ಇರುವ ಸಾಮಾನು. ಅವು ತಾಗುತ್ತಿದ್ದರೆ 4 ಅಲ್ಲ 6 ಇಂಚು ಎತ್ತರಿಸಿದರೂ ಅದೇ ಕಲ್ಲು, ಅದೇ ಶಬ್ದ. ಅಲ್ಲಿ ಕೆಲಸಕ್ಕೆ ಬರುವುದು ಟೈರ್ ಒಂದೇ. ಅದರಲ್ಲೂ ಸಿಗುವುದು ಸ್ವಲ್ಪ. 215/75 ಟೈರಿನ ಎತ್ತರ ಸುಮಾರು 703 ಮಿಲಿಮೀಟರ್, 235/75 ಹಾಕಿದರೆ 733. ವ್ಯತ್ಯಾಸ 30, ಆಕ್ಸಲ್ ಏರುವುದು ಅದರ ಅರ್ಧ, 15 ಮಿಲಿಮೀಟರ್. ಯು ಬೋಲ್ಟಿನ ತುದಿ ಕೆಳಗೆ ಉದ್ದ ಇಳಿದು ಕಲ್ಲಿಗೆ ಸಿಕ್ಕುತ್ತಿದ್ದರೆ ನಟ್ಟಿನ ಆಚೆ ಹೆಚ್ಚಾದ ಭಾಗ ಕತ್ತರಿಸಿದರೆ ಸಾಕು.

ಸುಣ್ಣ ಹೋದದ್ದು ಚಾಸಿ ಕಡೆ ಅಂತಾದರೆ ಮುಂದಿನ ಕೆಲಸ ಅಳತೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಮತಟ್ಟಾಗಿರುತ್ತದೆ, ಅಲ್ಲೇ ನಿಲ್ಲಿಸಿ. ಗಾಡಿ ಖಾಲಿ ಇರಲಿ, ನಾಲ್ಕೂ ಟೈರಿಗೆ ಗಾಳಿ ಸರಿಯಾಗಿರಲಿ. ಚಕ್ರದ ನಡುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದು ಬರೆದಿಡಿ. ಹಳೆ ಜೀಪಿನಲ್ಲಿ ಎಡಕ್ಕೂ ಬಲಕ್ಕೂ ಅರ್ಧ ಇಂಚು, ಮುಕ್ಕಾಲು ಇಂಚು ಹೆಚ್ಚುಕಮ್ಮಿ ಬಂದೇ ಬರುತ್ತದೆ. ಅಂದರೆ ಸ್ಪ್ರಿಂಗು ಸೋತಿದೆ. ನಿಮಗೆ ಬೇಕಿರುವುದು ಹೊಸ ಎತ್ತರ ಅಲ್ಲ, ಕಳೆದುಹೋದ ಹಳೆ ಎತ್ತರ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಖರ್ಚಿನ ಲೆಕ್ಕವೆಲ್ಲ ಇಲ್ಲೇ ಬದಲಾಗುತ್ತದೆ.

ಕಾನೂನಿನ ಕಡೆಯಿಂದಲೂ ಇದೇ ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಸೋತ ಸ್ಪ್ರಿಂಗು ಸರಿಮಾಡಿಸುವುದು ರಿಪೇರಿ. 4 ಇಂಚು ಎತ್ತರಿಸುವುದು ರಿಪೇರಿ ಅಲ್ಲ. ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಅದನ್ನೇ.

ಈಗ ಸ್ಪ್ರಿಂಗಿಗೆ ಬರೋಣ. ಗಾಡಿ ಕರಾವಳಿಯದು ಅಂದಿರಿ, ಹಾಗಾಗಿ ಪ್ಲೇಟುಗಳ ನಡುವೆ ಉಪ್ಪುಗಾಳಿಯ ತುಕ್ಕು ತುಂಬಿರುತ್ತದೆ. ಕಟ್ಟು ಬಿಚ್ಚಿ, ಒಂದೊಂದು ಪ್ಲೇಟನ್ನೂ ವೈರ್ ಬ್ರಶ್ಶಿನಲ್ಲಿ ತಿಕ್ಕಿ, ಬಿರುಕು ಇದೆಯಾ ನೋಡಿ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಸುತ್ತ ಚೆನ್ನಾಗಿ ನೋಡಿ, ಬಿರುಕು ಶುರುವಾಗುವುದೇ ಹೆಚ್ಚಾಗಿ ಅಲ್ಲಿ. ಚಾಸಿಯಲ್ಲಿ ಸ್ಪ್ರಿಂಗ್ ಹಿಡಿದಿರುವ ಹ್ಯಾಂಗರುಗಳ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ತಿಂದುಹೋಗಿದ್ದರೆ ಸದ್ದು ಮಂಕು, ಕೆಲವು ಕಡೆ ಸುತ್ತಿಗೆ ಒಳಗೇ ಇಳಿಯುತ್ತದೆ. ಹಾಗೇನಾದರೂ ಇದ್ದರೆ ನಿಮ್ಮ 20 ಸಾವಿರ ಮೊದಲು ಅಲ್ಲಿಗೇ ಹೋಗಬೇಕು.

ಪ್ಲೇಟು ಚೆನ್ನಾಗಿದ್ದು ಬರೀ ಬಾಗು ಹೋಗಿದ್ದರೆ ಲಾರಿ ಸ್ಪ್ರಿಂಗ್ ಕೆಲಸದವರ ಹತ್ತಿರ ಮತ್ತೆ ಬಾಗು ಕೊಡಿಸಬಹುದು. ತಣ್ಣಗೇ ಬಡಿದು ಬಾಗಿಸುತ್ತಾರೆ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಾಗಿಸುತ್ತೇನೆ ಅನ್ನುವವರಿಗೆ ಕೊಡಬೇಡಿ. ಕಾಯಿಸಿ ಹಾಗೇ ಆರಲು ಬಿಟ್ಟರೆ ಉಕ್ಕಿನ ಹದ ಹೋಗುತ್ತದೆ. ಮತ್ತೆ ಎಣ್ಣೆಯಲ್ಲಿ ಅದ್ದಿ ಹದ ಮಾಡುವ ವ್ಯವಸ್ಥೆ ಇದ್ದರೆ ಮಾತ್ರ ಸರಿ. ಒಂದು ಪ್ಲೇಟ್ ಜಾಸ್ತಿ ಹಾಕಿಸುವುದೂ ಉಂಟು. ಎತ್ತರ ಸಿಗುತ್ತದೆ, ಆದರೆ ಖಾಲಿ ಗಾಡಿ ಕುಪ್ಪಳಿಸುತ್ತದೆ. ಹಿಂದೆ ಯಾವಾಗಲೂ ಭಾರ ಹಾಕುವವರಾದರೆ ಹಿಂದಕ್ಕೆ ಮಾತ್ರ ಹಾಕಿಸಿ.

ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ದಪ್ಪ ತುಂಡು, ಅಂದರೆ ಬ್ಲಾಕ್ ಇಡುವ ಬಗ್ಗೆ ಕೇಳಿದ್ದೀರಿ. ಪಿಕಪ್‌ಗಳಲ್ಲಿ ಹಿಂದಿನ ಸ್ಪ್ರಿಂಗು ಆಕ್ಸಲಿನ ಮೇಲೆ ಕೂತಿರುತ್ತದೆ, ಅದಕ್ಕೆ ಅಲ್ಲಿ ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ. ನಮ್ಮ ಹಳೆ ಜೀಪಿನಲ್ಲಿ ಸ್ಪ್ರಿಂಗ್ ಇರುವುದು ಆಕ್ಸಲಿನ ಕೆಳಗೆ. ನಡುವೆ ಬ್ಲಾಕ್ ಇಟ್ಟರೆ ಗಾಡಿ ಇನ್ನೂ ಕೆಳಗೆ ಇಳಿಯುತ್ತದೆ! ಸ್ಪ್ರಿಂಗನ್ನೇ ಆಕ್ಸಲ್ ಮೇಲಕ್ಕೆ ತಂದು ವೆಲ್ಡ್ ಮಾಡಿಸುವವರಿದ್ದಾರೆ. ಅದು ಐದಾರು ಇಂಚು ಎತ್ತುತ್ತದೆ. ಜೊತೆಗೆ ಸ್ಟೀರಿಂಗ್, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸ್ ಕಡೆಯಿಂದ ಆಕ್ಸಲನ್ನು ತಿರುಗಿಸುವ ಉದ್ದ ಕೊಳವೆ), ಬ್ರೇಕ್ ಪೈಪ್ ಎಲ್ಲ ಬದಲಿಸಬೇಕು. ಅಡಿಕೆ ಮೂಟೆ ಹೇರಿಕೊಂಡು ದರೆಯ ಅಂಚಿನಲ್ಲಿ ಓರೆಯಾಗಿ ಹೋಗುವ ಗಾಡಿಗೆ ಆ ಎತ್ತರ ಬೇಡವೇ ಬೇಡ, ಮಗುಚುತ್ತದೆ.

ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಆಡುವ ಪಟ್ಟಿಗೆ ಶಾಕಲ್ ಅನ್ನುತ್ತಾರೆ. ಉದ್ದದ ಶಾಕಲ್ ಅಗ್ಗದ ದಾರಿ. 2 ಇಂಚು ಉದ್ದದ್ದು ಹಾಕಿದರೆ ಗಾಡಿ ಏರುವುದು 1 ಇಂಚು. ಹಿಂದೆ ಅಷ್ಟು ಮಾಡಿದರೆ ತೊಂದರೆಯಿಲ್ಲ. ಮುಂದೆ ಮಾತ್ರ ಹುಷಾರು. ಶಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದರೆ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ (ಮುಂದಿನ ಚಕ್ರ ಹೊರಳುವ ಕೀಲು ಹಿಂದಕ್ಕೆ ವಾಲಿರುವ ಓರೆ) ಕಮ್ಮಿಯಾಗುತ್ತದೆ. ಆಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ, ಗಾಡಿ ರಸ್ತೆ ತುಂಬಾ ಅಲೆದಾಡುತ್ತದೆ. ಸರಿಮಾಡಲು ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಇಡುವ ಓರೆ ಬೆಣೆ ಸಿಗುತ್ತದೆ. ಆದರೂ ನನ್ನ ಸಲಹೆ, ಮುಂದೆ ಶಾಕಲ್ ಮುಟ್ಟಬೇಡಿ.

ಯು ಬೋಲ್ಟ್ ವಿಷಯ ಮನಸ್ಸಿಗೆ ಹಚ್ಚಿಕೊಂಡು ಓದಿ. ಮೊದಲ ಸಲ ನನ್ನ ಗಾಡಿ ಕೆಲಸ ಮಾಡಿದ ಗ್ಯಾರೇಜಿನಲ್ಲಿ ಹಳೆ ಯು ಬೋಲ್ಟನ್ನೇ ಮತ್ತೆ ಹಾಕಿದ್ದರು. ಸ್ವಲ್ಪ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಮೂರು ವಾರದ ನಂತರ ಕುಮಟೆಗೆ ಹೊರಟೆ, ಹಿಂದೆ ನಮ್ಮ ಆಯಿ ಕೂತಿದ್ದಳು. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಒಂದೇ ಬದಿಗೆ ಎಳೆಯತೊಡಗಿತು. ನಿಲ್ಲಿಸಿ ಇಳಿದು ನೋಡಿದರೆ ಹಿಂದಿನ ಒಂದು ಚಕ್ರ ನಾಲ್ಕು ಬೆರಳು ಹಿಂದೆ ಸರಿದಿತ್ತು. ಯು ಬೋಲ್ಟ್ ಸಡಿಲಾಗಿ, ಭಾರವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು, ಅದು ತುಂಡಾಗಿತ್ತು. ಅವತ್ತು ಕಾಲು ನಡುಗಿದ್ದು ಇನ್ನೂ ನೆನಪಿದೆ.

ಹಾಗಾಗಿ ಯು ಬೋಲ್ಟು, ಸೆಂಟರ್ ಬೋಲ್ಟು, ಸ್ಪ್ರಿಂಗಿನ ತುದಿಯ ಕಣ್ಣಿನೊಳಗಿನ ಬುಷ್ಷು ಮೂರೂ ಹೊಸದೇ ಇರಲಿ. ನಾಲ್ಕು ನಟ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬಿಗಿ ಮಾಡಿ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಎತ್ತಿಟ್ಟಾಗಲೇ ಬಿಗಿದರೆ ಇಳಿಸಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಕೆಲಸ ಮನೆಯಲ್ಲೇ ಮಾಡುವುದಾದರೆ ಒಂದು ಮಾತು. ಅಂಗಳದ ಮೂಲೆಯಲ್ಲಿ ಚಿರೆಕಲ್ಲು ರಾಶಿ ಇರುತ್ತದೆ, ಕೈಗೆ ಸಿಗುತ್ತದೆ ಅಂತ ಚಾಸಿ ಅಡಿಗೆ ಅದನ್ನು ಕೊಡಬೇಡಿ. ಚಿರೆಕಲ್ಲು, ಸಿಮೆಂಟ್ ಬ್ಲಾಕು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ತನ್ನಿ, ಇಲ್ಲವೇ ದಪ್ಪ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ.

ಎಲ್ಲ ಜೋಡಿಸಿದ ಮೇಲೆ ಚಾಸಿ ಎತ್ತಿ ಚಕ್ರಗಳನ್ನು ಗಾಳಿಯಲ್ಲಿ ಜೋತು ಬಿಡಿ. ಬ್ರೇಕ್ ರಬ್ಬರ್ ಪೈಪು ಎಳೆದುಕೊಂಡಿದೆಯಾ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಸಡಿಲ ಉಳಿದಿದೆಯಾ ನೋಡಿ. ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದು ಸ್ಪ್ರಿಂಗನ್ನೇ ಹಿಡಿದು ನಿಲ್ಲಿಸುತ್ತಿದ್ದರೆ ಉದ್ದದ್ದು ಬೇಕು. ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜೋಡಿ ಎಷ್ಟು ಹೊರಬಂದಿದೆ ಅಂತಲೂ ನೋಡಿ. ಹೆಡ್‌ಲೈಟ್ ಮತ್ತೆ ಕೆಳಗೆ ಹೊಂದಿಸಿ, ಎದುರಿನವರ ಕಣ್ಣಿಗೆ ಹೊಡೆಯಬಾರದು.

ಇನ್ನೊಂದು ವಿಷಯ. ಸುಣ್ಣ ಹೋದದ್ದು ದಾರಿಯ ನಡುವಿನ ದಿಬ್ಬಕ್ಕೆ ತಾಗಿ ಅಂತಾದರೆ, ಮಳೆಗಾಲಕ್ಕೆ ಮೊದಲು ಎರಡೂ ಬದಿಯಲ್ಲಿ ಚಕ್ರ ಓಡಿ ಬಿದ್ದ ಹೊಂಡಕ್ಕೆ ಒಂದೆರಡು ಲೋಡು ಕಲ್ಲು ಹಾಕಿಸಿ. ನಮ್ಮಲ್ಲಿ ಆ ಕೆಲಸದಿಂದಲೇ ಅರ್ಧ ತೊಂದರೆ ಹೋಯಿತು.

ನಾಲ್ಕೂ ಮೂಲೆಯ ಅಳತೆ, ಸುಣ್ಣ ಅಳಿಸಿದ ಜಾಗದ ಫೋಟೋ, ಮುಂದಿನ ಶಾಕಲ್ ಯಾವ ತುದಿಯಲ್ಲಿದೆ ಅನ್ನುವ ಫೋಟೋ, ಈ ಮೂರನ್ನು ಇಲ್ಲೇ ಹಾಕಿ. ಅಲ್ಲಿಯವರೆಗೆ ಯಾವ ಸಾಮಾನಿಗೂ ಅಡ್ವಾನ್ಸ್ ಕೊಡಬೇಡಿ. ಅವು ಬಂದ ಮೇಲೆ ಯಾವುದು ಮೊದಲು ಮಾಡಿಸಬೇಕು ಅಂತ ಕೂತು ಬರೆದು ಕೊಡುತ್ತೇನೆ.