ಅಜ್ಜನ ಡೈರಿಯ ಊರುಗಳು ನಕ್ಷೆಯಲ್ಲಿ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಬಂದವರು. ಮರಾಠಾ ಪಲ್ಟಣದಲ್ಲಿದ್ದರು ಅನ್ನೋದಷ್ಟೇ ಮನೆಯಲ್ಲಿ ಗೊತ್ತು. ಈಚೆಗೆ ಟ್ರಂಕಿನಲ್ಲಿ ಅವರ ಡೈರಿಯ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಸಾಲಾಗಿ ಹೀಗೆ ಬರೆದಿದ್ದಾರೆ: 'ತಾರಂಟೊ, ತ್ರಿನ್ಯೊ, ಸಂಗ್ರೊ, ಗಾರಿ, ಫ್ಲಾರೆನ್ಸ್, ಸೇನಿಯೊ.' ಮೊಬೈಲಿನಲ್ಲಿ ಹುಡುಕಿದೆ. ತಾರಂಟೊ, ಫ್ಲಾರೆನ್ಸ್ ಬಿಟ್ಟರೆ ಉಳಿದ ಊರುಗಳು ಸಿಗುತ್ತಿಲ್ಲ. ಅಜ್ಜ ತಪ್ಪು ಬರೆದುಕೊಂಡಿದ್ದರೆ? ಅವರು ಹೋದ ದಾರಿ ಯಾವುದು?
— ಓದುಗರೊಬ್ಬರು, ಖಾನಾಪುರ ತಾಲ್ಲೂಕು

ಉತ್ತರ: ನಿಮ್ಮ ಅಜ್ಜ ಸರಿಯಾಗಿಯೇ ಬರೆದಿದ್ದಾರೆ ತಂಗಿ. ನೀವು ಊರು ಹುಡುಕುತ್ತಿದ್ದೀರಿ, ಅವರು ಬರೆದದ್ದು ಹೊಳೆಗಳನ್ನು. ತ್ರಿನ್ಯೊ, ಸಾಂಗ್ರೊ, ಗಾರಿ, ಸೆನಿಯೊ, ಈ ನಾಲ್ಕೂ ನದಿಗಳು.

ಇಟಲಿಯ ನಡುವೆ ಉದ್ದಕ್ಕೂ ಅಪೆನೈನ್ ಬೆಟ್ಟಸಾಲು ಇದೆ. ಅಲ್ಲಿಂದ ಇಳಿದ ಹೊಳೆಗಳು ಒಂದರ ಹಿಂದೊಂದು ಪೂರ್ವದ ಏಡ್ರಿಯಾಟಿಕ್ ಸಮುದ್ರ ಸೇರುತ್ತವೆ. ಸೈನ್ಯ ಹೋಗಬೇಕಾದದ್ದು ದಕ್ಷಿಣದಿಂದ ಉತ್ತರಕ್ಕೆ. ಅಂದರೆ ಪ್ರತಿ ಹೊಳೆಯನ್ನೂ ದಾಟಲೇಬೇಕು. ಜರ್ಮನ್ನರು ಹಿಂದೆ ಸರಿಯುವಾಗ ಸೇತುವೆ ಸ್ಫೋಟಿಸಿ, ಆಚೆ ದಂಡೆಯ ಎತ್ತರದಲ್ಲಿ ಮಷಿನ್‌ಗನ್ ಹೂಡಿ ಕಾಯುತ್ತಿದ್ದರು. ಒಂದು ಹೊಳೆ ದಾಟಿದರೆ ಮುಂದೆ ಮತ್ತೊಂದು, ಅಲ್ಲೂ ಅದೇ ಕಥೆ. ಇಟಲಿಗೆ ಹೋದ ಪ್ರವಾಸಿ ರೋಮ್, ವೆನಿಸ್ ಅಂತ ಲೆಕ್ಕ ಹೇಳುತ್ತಾನೆ. ಕಾಲಾಳು ಸೈನಿಕನಿಗೆ ಲೆಕ್ಕಕ್ಕೆ ಉಳಿದದ್ದು ಹೊಳೆಗಳೇ.

ಈ ಪಟ್ಟಿ ಇನ್ನೂ ಒಂದು ಸಂಗತಿ ಹೇಳುತ್ತದೆ. ಇಟಲಿಯಲ್ಲಿ ಕಾದಾಡಿದ ಮರಾಠಾ ಕಾಲಾಳು ಬೆಟಾಲಿಯನ್ನುಗಳಲ್ಲಿ ಮುಖ್ಯವಾದವು ಎರಡು. 1ನೇ ಬೆಟಾಲಿಯನ್ ಭಾರತೀಯ 8ನೇ ಡಿವಿಷನ್ನಿನಲ್ಲಿತ್ತು, 3ನೇದು 10ನೇ ಡಿವಿಷನ್ನಿನಲ್ಲಿ (ಡಿವಿಷನ್ ಅಂದರೆ ಹಲವು ಬೆಟಾಲಿಯನ್ ಸೇರಿದ ದೊಡ್ಡ ಪಡೆ). 10ನೇ ಡಿವಿಷನ್ ಇಟಲಿಗೆ ಬಂದದ್ದೇ 1944ರಲ್ಲಿ. ತ್ರಿನ್ಯೊ, ಸಾಂಗ್ರೊ ಕಾಳಗಗಳು ಅದಕ್ಕೂ ಮೊದಲೇ, 1943ರ ನವೆಂಬರ್‌ನಲ್ಲಿ ನಡೆದವು. ಹಾಗಾಗಿ ಅಜ್ಜ ಹೆಚ್ಚಾಗಿ 1ನೇ ಬೆಟಾಲಿಯನ್ನಿನವರು, ಅಂದರೆ ಜಂಗಿ ಪಲ್ಟಣದವರು.

ದಾರಿ ಹೀಗೆ. 1943ರ ಸೆಪ್ಟೆಂಬರ್ ಕೊನೆಗೆ 8ನೇ ಡಿವಿಷನ್ ಬೂಟಿನಾಕಾರದ ಇಟಲಿಯ ಹಿಮ್ಮಡಿಯ ಹತ್ತಿರವಿರುವ ತಾರಂಟೊ ಬಂದರಿನಲ್ಲಿ ಇಳಿಯಿತು. ಅಲ್ಲಿಂದ ಪೂರ್ವ ಕರಾವಳಿ ಹಿಡಿದು ಮೇಲಕ್ಕೆ. ಸಾಂಗ್ರೊ ಹೊತ್ತಿಗೆ ಮಳೆ ಶುರುವಾಗಿತ್ತು. ಹೊಳೆ ತುಂಬಿ, ಕಟ್ಟಿದ ಸೇತುವೆಗಳೇ ಕೊಚ್ಚಿಹೋದವು. ಲಾರಿಗಳು ಕೆಸರಲ್ಲಿ ಹೂತವು. ಮುಂದೆ ಬೆಟ್ಟಗಳಲ್ಲಂತೂ ಚಕ್ರಗಳಿಗೆ ದಾರಿಯೇ ಇರಲಿಲ್ಲ. ಅನ್ನ, ನೀರು, ಗುಂಡು ಎಲ್ಲ ಹೇಸರಗತ್ತೆ ಬೆನ್ನ ಮೇಲೆ. ಅಜ್ಜ ಹೇಸರಗತ್ತೆಗಳ ಸುದ್ದಿ ಹೇಳಿದ್ದು ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ, ಕೇಳಿ ನೋಡಿ.

ಗಾರಿ ಇರುವುದು ಕ್ಯಾಸಿನೊ ಪಕ್ಕ, ಇನ್ನೊಂದು ಕರಾವಳಿಯ ಕಡೆ. ರೋಮಿನ ದಾರಿಗೆ ಅಡ್ಡಲಾಗಿ ನಿಂತ ಬೆಟ್ಟ ಕ್ಯಾಸಿನೊ. ಅದರ ಬುಡದಲ್ಲಿ ಹರಿಯುವ ಹೊಳೆ ಇದು. 1944ರ ಮೇ 11ರ ರಾತ್ರಿ 11 ಗಂಟೆಗೆ ಸಾವಿರಕ್ಕೂ ಜಾಸ್ತಿ ತೋಪುಗಳು ಒಟ್ಟಿಗೆ ಹಾರಿದವು. ಆಮೇಲೆ ನಮ್ಮವರು ಮಂಜು, ಹೊಗೆಯ ನಡುವೆ ದೋಣಿಯಲ್ಲಿ ಹೊಳೆ ದಾಟಿದರು. ಒಂದು ಕಡೆ ಇಡೀ ಕಬ್ಬಿಣದ ಸೇತುವೆಯನ್ನು ಟ್ಯಾಂಕಿನ ಮೇಲೆ ಹೊತ್ತು ತಂದು ಹೊಳೆಗೆ ಅಡ್ಡ ಹಾಕಿದರು. ಆಗಸ್ಟ್ ಹೊತ್ತಿಗೆ ಡಿವಿಷನ್ ಫ್ಲಾರೆನ್ಸ್ ತಲುಪಿತು. ಆ ನಗರದ ಹೊರಗೆ ಮಾಂಟೆಗುಫೋನಿ ಅನ್ನೋ ಕೋಟೆಮನೆ ಇದೆ. ಯುದ್ಧಕ್ಕೆ ಹೆದರಿ ಫ್ಲಾರೆನ್ಸಿನ ಚಿತ್ರಗಳನ್ನು ಅಲ್ಲಿ ಬಚ್ಚಿಟ್ಟಿದ್ದರು. ಚಿತ್ರಕಾರ ಬಾಟಿಚೆಲ್ಲಿಯ 'ಪ್ರಿಮವೆರಾ' ಕೂಡ ಅಲ್ಲೇ ಇತ್ತು. ಅದಕ್ಕೆ ಕಾವಲು ನಿಂತವರು ಭಾರತದ ಸೈನಿಕರು.

ಸೆನಿಯೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಜ್ಜ ಅದನ್ನು ಕೊನೆಗೆ ಬರೆದಿದ್ದಾರೆ ಅಲ್ವಾ? ನಾನು ಆ ದಂಡೆ ಹತ್ತಿ ನೋಡಿದ್ದೇನೆ. ಹೊಳೆಯ ಅಗಲ ಕೇಳಿದರೆ ನಂಬುವುದಿಲ್ಲ, ಸುಮಾರು 15 ಅಡಿ. ನೀರು ಎದೆಮಟ್ಟ. ಆದರೆ ಎರಡೂ ಕಡೆ ಮಲಪ್ರಭಾ ಕಾಲುವೆಯ ಏರಿಯಂತೆ ಮಣ್ಣಿನ ಒಡ್ಡು, ಅದಕ್ಕಿಂತ ಎಷ್ಟೋ ಎತ್ತರ: 30 ಅಡಿ ಮೇಲೆಯೇ. ಜರ್ಮನ್ನರು ಆ ಒಡ್ಡಿನೊಳಗೇ ಬಿಲ ತೋಡಿ ಕೂತಿದ್ದರು. ಒಳಮೈ ತುಂಬಾ ನೆಲಬಾಂಬು. ಈಗ ಆ ಸೀಮೆಯಲ್ಲೆಲ್ಲ ಪೀಚ್ ತೋಟ, ಕಿವಿ ಹಣ್ಣಿನ ಚಪ್ಪರ.

1945ರ ಏಪ್ರಿಲ್ 9ರ ಸಂಜೆ ಇದೇ ಮರಾಠಾ ಬೆಟಾಲಿಯನ್ ಒಡ್ಡು ಹತ್ತಿತು. ಸಿಪಾಯಿ ನಾಮದೇವ ಜಾಧವ ಕಂಪನಿ ಕಮಾಂಡರನ ರನ್ನರ್, ಅಂದರೆ ಸುದ್ದಿ ಒಯ್ಯುವವ. ಜೊತೆಯವರು ಬಿದ್ದರು. ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು, ನೀರು ದಾಟಿ, ಬಾಂಬು ಹೂತ ಒಡ್ಡು ಹತ್ತಿ ಈಚೆ ತಂದು ಬಿಟ್ಟ. ಆಮೇಲೆ ಒಬ್ಬನೇ ಮೂರು ಮಷಿನ್‌ಗನ್ ನೆಲೆಗಳ ಸದ್ದಡಗಿಸಿದ. ಕೈಗೆ ಗುಂಡು ಬಿದ್ದು ಬಂದೂಕು ಹಿಡಿಯಲು ಆಗದಾಗ ಗ್ರೆನೇಡ್ ಎಸೆದ. ಕೊನೆಗೆ ಒಡ್ಡಿನ ತುದಿಗೆ ಹತ್ತಿ, ಮರಾಠಾ ರಣಘೋಷ ಕೂಗಿ, ಉಳಿದವರಿಗೆ ಬನ್ನಿ ಅಂತ ಕೈಬೀಸಿದ. ಬ್ರಿಟಿಷರ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು, ಜೀವಂತವಾಗಿ ಊರಿಗೂ ಮರಳಿದ. ಅಜ್ಜ ಆ ಸಂಜೆ ಬೆಟಾಲಿಯನ್ನಿನ ಜೊತೆ ಇದ್ದಿದ್ದರೆ ಆ ಕೂಗು ಕೇಳಿರಬಹುದು. ಮೇ 2ಕ್ಕೆ ಇಟಲಿಯಲ್ಲಿ ಯುದ್ಧ ಮುಗಿಯಿತು.

ಪ್ರಶ್ನೆ: ನಮ್ಮ ಮುತ್ತಜ್ಜನ ತಮ್ಮ ಇಟಲಿಯಲ್ಲೇ ತೀರಿಕೊಂಡರು. ಮಗ ಅಲ್ಲಿಗೆ ಹೋದಾಗ ಸಮಾಧಿ ಹುಡುಕಿದ, ಸಿಗಲಿಲ್ಲ. ಹೆಸರೇ ಇಲ್ಲದ ಹಾಗೆ ಹೋಗಿಬಿಟ್ಟರಾ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಖಂಡಿತ ಇಲ್ಲ. ಹಿಂದೂ, ಸಿಖ್ ಸೈನಿಕರನ್ನು ಅವರ ಪದ್ಧತಿಯಂತೆ ಸುಡುತ್ತಿದ್ದರು. ಅದಕ್ಕೇ ಸಮಾಧಿಕಲ್ಲು ಇಲ್ಲ. ಹೆಸರು ಮಾತ್ರ ದಹನ ಸ್ಮಾರಕದ ಮೇಲೆ ಕೆತ್ತಿರುತ್ತಾರೆ. ಸಾಂಗ್ರೊ ನದಿಯ ಸಮರ ಸ್ಮಶಾನದಲ್ಲಿ ಅಂಥ ಒಂದು ಸ್ಮಾರಕ ಇದೆ, 500ಕ್ಕೂ ಹೆಚ್ಚು ಹೆಸರು. ಫೊರ್ಲಿ ಪಟ್ಟಣದಲ್ಲಿ ಭಾರತೀಯ ಸೈನಿಕರದೇ ಸ್ಮಶಾನವಿದೆ, ಅಲ್ಲೂ ಒಂದು. ಇಟಲಿಯಲ್ಲಿ ಸತ್ತ ಭಾರತೀಯರು 5,782 ಜನ. ನಿಮ್ಮ ಮಗ ಹೆಸರು ನೋಡಬೇಕಾದದ್ದು ಗೋರಿಗಳ ಸಾಲಿನಲ್ಲಲ್ಲ, ಆ ಗೋಡೆಗಳ ಮೇಲೆ.

ಹೋಗುವ ಮುಂಚೆ ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಿ. ಎಷ್ಟೋ ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೂಡ ಇರುತ್ತವೆ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದದ್ದು, ಆದ್ದರಿಂದ ಒಂದೇ ಹೆಸರನ್ನು ನಾಲ್ಕೈದು ಬಗೆಯಲ್ಲಿ ಟೈಪ್ ಮಾಡಿ ನೋಡಿ. ಜಿಲ್ಲೆಗೆ 'ಬೆಲ್ಗಾಮ್' ಅಂತಲೇ ಹಾಕಿ. ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ತಂದೆಯ ಹೆಸರಿನಿಂದ ಪ್ರಯತ್ನಿಸಿ.

ಪ್ರಶ್ನೆ: ಮನೆಯಲ್ಲಿ ಆರು ಮೂಲೆಯ ಹಿತ್ತಾಳೆ ಬಣ್ಣದ ಪದಕ ಇದೆ. ಇಟಲಿಯದ್ದು ಹೌದೋ ಅಲ್ಲವೋ ತಿಳಿಯುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ರಿಬ್ಬನ್ ನೋಡಿ. ಇಟಲಿ ಸ್ಟಾರ್ ಆದರೆ ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಪಟ್ಟಿ ಇರುತ್ತದೆ, ಇಟಲಿ ಬಾವುಟದ ಬಣ್ಣಗಳು. ಪದಕದ ಮೇಲೆಯೂ ಅದರ ಹೆಸರು ಬರೆದಿರುತ್ತದೆ. ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹಿಂಬದಿಯಲ್ಲಿ ಸೈನಿಕನ ನಂಬರು, ಹೆಸರು ಇರುವ ಸಾಧ್ಯತೆ ಇದೆ, ಸವೆದರೆ ಹೋಯಿತು. ಆ ನಂಬರು ಸಿಕ್ಕರೆ ಡಿಸ್ಚಾರ್ಜ್ ಬುಕ್ಕಿನ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕದ) ಪ್ರತಿಯ ಜೊತೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮರಾಠಾ ಪಲ್ಟಣದವರಾದರೆ ಅದು ಬೆಳಗಾವಿಯಲ್ಲೇ ಇದೆ. ಸೈನಿಕನ ನಂಬರು, ತಂದೆಯ ಹೆಸರು, ಆಗಿನ ತಾಲ್ಲೂಕು, ಈ ಮೂರನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ.